ಸದ್ದಿಲ್ಲದ ಐದನೇ ಗೇರು

೯ ಜನವರಿ ೧೯೮೮

ಗೊಬ್ಬರದ ಅಂಗಡಿಯವರು ಈ ವರ್ಷವೂ ಡೈರಿ ಕೊಟ್ಟಿದ್ದಾರೆ. ಹೋದ ವರ್ಷದ್ದರಲ್ಲಿ ದಿನಕ್ಕೆ ಎರಡು ಮೂರು ಗಾಡಿಯ ಕೆಲಸ ಬರೆದುಕೊಂಡಿದ್ದೆ. ಈ ವರ್ಷ ಒಂಬತ್ತು ದಿನಕ್ಕೆ ಒಂದು ಟ್ರ್ಯಾಕ್ಟರು, ಒಂದು ಜೀಪಿನ ಬ್ರೇಕು, ಅಷ್ಟೇ. ಶೆಡ್ಡಿಗೆ ನೊಣ ಬಿಟ್ಟರೆ ಬೇರೆ ಗಿರಾಕಿ ಇಲ್ಲ. ಹಾಳೆಯೆಲ್ಲ ಖಾಲಿ ಬಿಡುವುದು ದಂಡ, ಅದಕ್ಕೆ ಕೆಲಸವಿಲ್ಲದ ದಿನ ಮನಸ್ಸಿಗೆ ಬಂದದ್ದನ್ನು ಬರೆಯುತ್ತೇನೆ. ಓದುವವರು ಯಾರೂ ಇಲ್ಲ. ನನ್ನ ಹೆಂಡತಿ ಚಿಕ್ಕಗೌರಮ್ಮನಿಗೆ ಅಕ್ಷರ ಬರದು.

ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಗ್ಯಾರೇಜು ಆದಾಗಿನಿಂದ ಜನ ಅತ್ತ ಹೋಗುತ್ತಿದ್ದಾರೆ. ಅಲ್ಲಿ ಕನ್ನಡಿ, ಕ್ಯಾಲೆಂಡರು, ಕೂರುವುದಕ್ಕೆ ಬೆಂಚು ಎಲ್ಲ ಇದೆಯಂತೆ. ಗೇರ್‌ಬಾಕ್ಸಿಗೂ ಕನ್ನಡಿಗೂ ಏನು ಸಂಬಂಧವೋ. ಚಿಕ್ಕನಾಯಕನಹಳ್ಳಿಯ ಹುಳಿಯಾರು ರಸ್ತೆಯಲ್ಲಿ ಈ ತಗಡಿನ ಶೆಡ್ಡು ಹಾಕಿ ಇಪ್ಪತ್ತೊಂಬತ್ತು ವರ್ಷವಾಯಿತು. ತಿಪಟೂರು, ತುರುವೇಕೆರೆ ಕಡೆಯಿಂದಲೂ ಗಾಡಿಗಳು ಬರುತ್ತಿದ್ದವು. ಮೂರು ತಾಲ್ಲೂಕಿನಲ್ಲೂ ಕಿವಿ ಏಕಾಂತಯ್ಯ ಅಂದರೆ ನಾನೇ. ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಕಣ್ಣು ಮುಚ್ಚಿದರೆ, ಎಷ್ಟನೇ ಗೇರಿನ ಹಲ್ಲು ಮುರಿದಿದೆ ಅಂತ ಬಿಚ್ಚದೆಯೇ ಹೇಳುತ್ತಿದ್ದೆ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಹೋದ ವರ್ಷ ಮಾತ್ರ ಮೂರು ಸಲ ಸುಳ್ಳಾಯಿತು. ಅದು ನನ್ನ ತಪ್ಪಲ್ಲ. ಈಗಿನ ಬೇರಿಂಗುಗಳು ಸಾಯುವಾಗಲೂ ಬಾಯಿ ಬಿಡುವುದಿಲ್ಲ.

೧೫ ಜನವರಿ

ಸಂಕ್ರಾಂತಿ ಹಬ್ಬ. ಎಳ್ಳುಬೆಲ್ಲ ತಿಂದು ಕೂತಿದ್ದವನನ್ನು ಗೌರಿ ಅಟ್ಟಕ್ಕೆ ಹತ್ತಿಸಿದಳು. ಕೊಬ್ಬರಿ ಆಗಿದೆ, ಇಳಿಸಿ ಸುಲಿಸೋಣ ಅನ್ನುವುದು ಅವಳ ವರಾತ. ನಮ್ಮದು ನಲವತ್ತು ಮರದ ತೋಟ. ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಆ ಸದ್ದು ಬಂದ ಮೇಲೇ ಒಡೆಯಬೇಕು.

ಮೂವತ್ತು ಕಾಯಿ ಅಲ್ಲಾಡಿಸಿದೆ. ಒಂದೂ ಸದ್ದು ಮಾಡಲಿಲ್ಲ. ಇನ್ನೂ ಹಸಿ ಇವೆ, ಇರಲಿ ಬಿಡು ಅಂದೆ. ಅವಳು ಒಂದು ಕಾಯಿ ತೆಗೆದುಕೊಂಡು ತಾನೂ ಅಲ್ಲಾಡಿಸಿದಳು, ಆಮೇಲೆ ನನ್ನ ಕಿವಿಯ ಪಕ್ಕ ಅಲ್ಲಾಡಿಸಿದಳು, ಆಮೇಲೆ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಏನೋ ಅಂದಳು. ಮುಂದಿನ ಎರಡು ಹಲ್ಲು ಬಿದ್ದಾಗಿನಿಂದ ಇವಳ ಮಾತು ಬಾಯಲ್ಲೇ ಉಳಿದುಬಿಡುತ್ತದೆ. ಏನಂದೆ ಅಂತ ಕೇಳುತ್ತಾ ಕೂರುವುದು ನನ್ನ ಜಾಯಮಾನವಲ್ಲ. ಹೂಂ ಅಂದು ಇಳಿದು ಬಂದೆ.

೨೧ ಜನವರಿ

ಕೆಲಸ ಬಂತು. ಅಂತಿಂಥ ಕೆಲಸವಲ್ಲ.

ಕಂದಿಕೆರೆಯ ನಂಜುಂಡಪ್ಪ ಬಂದಿದ್ದ. ಕಾಯಿ ವ್ಯಾಪಾರದವನು. ನನಗಿಂತ ಎರಡು ವರ್ಷ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ಜೊತೆಯಲ್ಲಿ ಅವನ ಡ್ರೈವರ್ ಲಕ್ಕಯ್ಯ ಮತ್ತು ಆ ಐವತ್ತಾರನೇ ಇಸವಿಯ ಪಿಕಪ್ಪು. ಅದರ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದವನು ನಾನೇ, ಹತ್ತು ವರ್ಷದ ಹಿಂದೆ. ಹಿಂದಿನ ಪೆಟ್ಟಿಗೆಯಲ್ಲಿ ಗೋಣಿಚೀಲ ಸುತ್ತಿದ ಗೇರ್‌ಬಾಕ್ಸು ಮಲಗಿತ್ತು. ಹೆದ್ದಾರಿಯಲ್ಲಿ ಉರುಳಿದ ಹೊಸ ಮಾದರಿಯ ಮಿನಿ ಲಾರಿಯದಂತೆ. ಬೆಂಗಳೂರಿನ ಗುಜರಿಯಿಂದ ತಂದಿದ್ದಾನೆ.

"ಐದು ಗೇರು ಕಣಯ್ಯ," ಅಂದ ನಂಜುಂಡಪ್ಪ. "ಈ ನಾಕ್ ಗೇರಲ್ಲಿ ಬೆಂಗ್ಳೂರಿಗೆ ಕಾಯಿ ಹೊಡೆಯೋದು ಅಂದ್ರೆ ನಡ್ಕಂಡ್ ಹೋದಂಗೇಯ. ಇದ ಕೂರ್ಸಕ್ಕಾಯ್ತದಾ ಇಲ್ವಾ ಹೇಳ್ಬುಡು. ಬಸ್ ಸ್ಟ್ಯಾಂಡ್ ಗ್ಯಾರೇಜ್ನೋರು ಆಗಕಿಲ್ಲ ಅಂದ್ರು."

ಅವರು ಆಗುವುದಿಲ್ಲ ಅಂದಮೇಲೆ ನಾನು ಆಗುತ್ತದೆ ಅನ್ನದೆ ಇರುತ್ತೇನೆಯೇ.

"ಅಣ್ಣ, ಈ ಎಮ್ಮೆಗೆ ಐದನೇ ಗೇರ್ ಹಾಕುದ್ರೆ ತಾನು ಕುದ್ರೆ ಅನ್ಕಂಡ್ಬುಡ್ತದೆ," ಅಂದ ಲಕ್ಕಯ್ಯ. "ಆಮ್ಯಾಕೆ ಹುಲ್ಲು ಮುಟ್ಟಕಿಲ್ಲ, ಹುಳ್ಳಿನೇ ಕೇಳ್ತದೆ."

ನಕ್ಕುಬಿಟ್ಟೆ. ತಿಂಗಳಾಗಿತ್ತು ನಕ್ಕು. ಲಕ್ಕಯ್ಯನಿಗೆ ಮೂವತ್ತೈದು ಇರಬೇಕು. ಐದು ವರ್ಷದ ಹಿಂದೆ ಒಂದು ದಿನ ಅವನು ಲೋಡ್ ಹಾಕಿಕೊಂಡು ನಮ್ಮ ಶೆಡ್ಡಿನ ಮುಂದೆ ಹೋಗುತ್ತಿದ್ದ. ನಾನು ಒಳಗೆ ಊಟಕ್ಕೆ ಕೂತಿದ್ದವನು ಎಂಜಲು ಕೈಯಲ್ಲೇ ಓಡಿಹೋಗಿ ನಿಲ್ಲಿಸಿದೆ. ಹಿಂದಿನ ಚಕ್ರದ ಬೇರಿಂಗು ಕೂಗುತ್ತಿತ್ತು. ಬಿಚ್ಚಿದರೆ ಇನ್ನು ಎರಡು ಮೈಲಿಗೆ ಚಕ್ರವೇ ಕಳಚಿಕೊಳ್ಳುವ ಹಾಗಿತ್ತು. ಅಂದಿನಿಂದ ಅವನಿಗೆ ನನ್ನ ಮಾತು ಅಂದರೆ ವೇದವಾಕ್ಯ.

"ನಿನ್ ಕಿವಿ ನಂಬಿ ಬುಟ್ಟೋಯ್ತಾ ಇವ್ನಿ, ಏಕಾಂತಯ್ಯ," ಅಂದ ಹೊರಡುವಾಗ ನಂಜುಂಡಪ್ಪ.

ಇದೊಂದು ಓಡಿದರೆ ಮೂರು ತಾಲ್ಲೂಕಿಗೂ ಸುದ್ದಿ ಮುಟ್ಟುತ್ತದೆ, ಶೆಡ್ಡು ಉಳಿಯುತ್ತದೆ. ಓಡದಿದ್ದರೆ ಬೀಗ ಹಾಕಬೇಕು. ಐವತ್ತಾರನೇ ವಯಸ್ಸಿನಲ್ಲಿ ಬೇರೆ ಯಾವ ಕಸುಬು ಕಲಿಯಲಿ.

೨೫ ಜನವರಿ

ಹಳೇ ಬಾಕ್ಸು ಇಳಿಸಿದೆ. ಎರಡನ್ನೂ ಪಕ್ಕಪಕ್ಕ ಮಲಗಿಸಿ ಅಳತೆ ಹಿಡಿದೆ. ಜಾತಕ ಎಲ್ಲೂ ಕೂಡುವುದಿಲ್ಲ. ಬೋಲ್ಟಿನ ತೂತು ಬೇರೆ, ಹೊಸದರ ಮುಂದಿನ ಶಾಫ್ಟು ಒಂದೂಕಾಲು ಇಂಚು ಉದ್ದ, ಅದರ ಹಲ್ಲು ನಮ್ಮ ಕ್ಲಚ್ ಪ್ಲೇಟಿಗೆ ಹೋಗುವುದಿಲ್ಲ, ಗೇರ್ ಹಿಡಿ ಡ್ರೈವರಿನ ಸೀಟಿನ ಕೆಳಗೆ ಬಂದು ಕೂರುತ್ತದೆ.

ಎಂಜಿನ್ನಿಗೂ ಬಾಕ್ಸಿಗೂ ನಡುವೆ ಒಂದೂಕಾಲು ಇಂಚು ದಪ್ಪದ ಕಬ್ಬಿಣದ ಬಿಲ್ಲೆ ಕೊಡಬೇಕು. ಅದರ ಒಂದು ಮೈ ಎಂಜಿನ್ನಿಗೆ ಕೂತರೆ ಇನ್ನೊಂದು ಮೈ ಬಾಕ್ಸಿಗೆ ಕೂರುತ್ತದೆ. ಕಷ್ಟವಿರುವುದು ಅಲ್ಲೇ. ಬಿಲ್ಲೆ ಕೂದಲೆಳೆಯಷ್ಟು ಅತ್ತಿತ್ತ ಕೂತರೂ ಬಾಕ್ಸಿನ ಮುಂದಿನ ಬೇರಿಂಗಿಗೆ ಒಂದೇ ಪಕ್ಕದ ಭಾರ ಬಿದ್ದು ಸಿಳ್ಳೆ ಹಾಕಿದ ಹಾಗೆ ಕೂಗುತ್ತದೆ. ಕೂಗಿ ಕೂಗಿ ಒಂದು ದಿನ ಪುಡಿಯಾಗುತ್ತದೆ.

೩ ಫೆಬ್ರವರಿ

ತಿಪಟೂರಿಗೆ ಹೋಗಿ ವೆಂಕಟಯ್ಯನ ಲೇತಿನಲ್ಲಿ ಬಿಲ್ಲೆ ಕೊರೆಸಿದೆ. ಇಡೀ ದಿನ ಹಿಡಿಯಿತು. ವೆಂಕಟಯ್ಯ ಒಳ್ಳೆಯ ಕೈ, ಆದರೆ ಈಗೀಗ ಅತಿ ಓದಿದವನ ಹಾಗೆ ಆಡುತ್ತಾನೆ. ಹೊರಡುವಾಗ ಓರೆ ಅಳೆಯುವ, ಗಡಿಯಾರದಂಥ ಒಂದು ಗೇಜು ತಂದು ಕೈಗೆ ಹಿಡಿಸಿದ.

"ಎರಡು ದಿನ ಇಟ್ಕ ಏಕಾಂತಣ್ಣ. ಮುಳ್ಳು ಅಲ್ಲಾಡ್ದಂಗೆ ಬಿಲ್ಲೆ ಕೂರ್ಸು, ಆಮ್ಯಾಕೆ ಪಿನ್ ಹೊಡಿ. ಕಿವೀಲಿ ಕೂರ್ಸೋ ಕಾಲ ಹೋಯ್ತು ಕಣಣ್ಣ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಯ್ಯ," ಅಂದೆ. "ನಿಮ್ಮಪ್ಪ ಲೇತ್ ಇಟ್ಟಾಗಿಂದ ನಾನು ಕಿವೀಲೇ ಕೂರ್ಸಿರೋದು."

ಗೇಜಿನ ಗುಣಗಾನವನ್ನು ಇನ್ನೂ ಸ್ವಲ್ಪ ಹೊತ್ತು ಮಾಡಿದ. ಲೇತಿನ ಗದ್ದಲದಲ್ಲಿ ಅರ್ಧವೂ ಕಿವಿಗೆ ಬೀಳಲಿಲ್ಲ. ನಾನು ಹೇಳಿದ್ದು ಅವನಿಗೂ ನಾಟಲಿಲ್ಲ. ಕಿವುಡನ ಮುಂದೆ ಕಿನ್ನರಿ ನುಡಿಸಿದ ಹಾಗಾಯಿತು ನನ್ನ ಮಾತು. ಗೇಜನ್ನು ಅವನ ಬೆಂಚಿನ ಮೇಲೇ ಬಿಟ್ಟು ಬಂದೆ.

೧೨ ಫೆಬ್ರವರಿ

ಕ್ಲಚ್ ಪ್ಲೇಟಿನ ನಡುಭಾಗ ಬಿಚ್ಚಿ, ಗುಜರಿಯಿಂದ ತರಿಸಿದ ಮಿನಿ ಲಾರಿಯ ಪ್ಲೇಟಿನದನ್ನು ರಿವೆಟ್ ಹೊಡೆದು ಸೇರಿಸಿದೆ. ಕೆಲಸ ಅಂದರೆ ಇದು.

ಮಧ್ಯಾಹ್ನ ಮಂಡಿಯೂರಿ ಕೂತಿದ್ದೆ. ಹಿಂದಿನಿಂದ ಯಾರೋ ಹೆಗಲು ಮುಟ್ಟಿದರು. ಎಗರಿ ಬಿದ್ದೆ, ಸ್ಪ್ಯಾನರು ಕಾಲಿನ ಮೇಲೆ ಬಿತ್ತು. ನೋಡಿದರೆ ಗೌರಿ, ಬುತ್ತಿ ಹಿಡಿದು ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಾಯಿ ಸತ್ತುಹೋಗಿದೆಯೇನೇ ನಿನಗೆ, ಕರೆಯುವುದಕ್ಕೆ ಏನು ರೋಗ ಅಂತ ಬೈದೆ. ಅವಳ ಕಣ್ಣು ತುಂಬಿಕೊಂಡಿತು. ಬುತ್ತಿ ಇಟ್ಟು ಹೋದಳು. ಮೂವತ್ತೆರಡು ವರ್ಷ ಸಂಸಾರ ಮಾಡಿದವಳು ಈಗ ಬೆಕ್ಕಿನ ಹಾಗೆ ಸುಳಿದಾಡುವುದನ್ನು ಕಲಿತಿದ್ದಾಳೆ. ಮನೆಯಲ್ಲೂ ಅಷ್ಟೇ, ಪಾತ್ರೆ ಇಡುವ ಸದ್ದೂ ಇಲ್ಲ. ನನ್ನ ಮೇಲೆ ಯಾಕೆ ಈ ಮುನಿಸೋ ತಿಳಿಯದು. ಇದು ಮನಸ್ಸಿಗೆ ತುಂಬಾ ಹಿಂಸೆ.

೧೯ ಫೆಬ್ರವರಿ

ಈ ವರ್ಷ ಜೀರುಂಡೆಯ ಕಾಟ ವಿಪರೀತ. ಹಗಲು ಹೊತ್ತಿನಲ್ಲೂ ಬಿಡುವುದಿಲ್ಲ. ತೋಟದಲ್ಲೂ ಅದೇ, ಶೆಡ್ಡಿನಲ್ಲೂ ಅದೇ, ಹೊದಿಕೆ ಹೊದ್ದರೂ ಅದೇ. ಹಕ್ಕಿಗಳು ಮಾತ್ರ ಊರು ಬಿಟ್ಟಿವೆ. ಗೊರವಂಕದ ಒಂದು ಕೂಗಿಲ್ಲ. ಕಿವಿಯಲ್ಲಿ ಗುಗ್ಗೆ ಕಟ್ಟಿರಬೇಕು ಅಂತ ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಟ್ಟುಕೊಂಡೆ. ಎಣ್ಣೆ ದಂಡವಾಯಿತು.

೨೬ ಫೆಬ್ರವರಿ

ಇವತ್ತು ಬಿಲ್ಲೆ ಕೂರಿಸಿದೆ.

ನನ್ನ ಪದ್ಧತಿ ಹೀಗೆ. ಬಾಕ್ಸು ಏರಿಸಿ, ಬಿಲ್ಲೆಯ ಬೋಲ್ಟುಗಳನ್ನು ಅರ್ಧ ಬಿಗಿ ಮಾಡಿ, ಎಂಜಿನ್ ಚಾಲೂ ಮಾಡುವುದು. ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡು ಬೇರಿಂಗಿನ ಕೂಗು ಕೇಳುತ್ತಾ, ಮರದ ಕೊಡತಿಯಿಂದ ಬಿಲ್ಲೆಯನ್ನು ಇತ್ತ ಒಂದು ಏಟು, ಅತ್ತ ಒಂದು ಏಟು. ಕೂಗು ಏರುತ್ತದೆ, ಇಳಿಯುತ್ತದೆ. ಪೂರ್ತಿ ಅಡಗಿದ ಜಾಗದಲ್ಲಿ ನಿಲ್ಲಿಸಿ, ಬಿಗಿ ಮಾಡಿ, ಮತ್ತೆ ಕದಲದಂತೆ ಪಿನ್ ಹೊಡೆದರೆ ಮುಗಿಯಿತು. ಒಂದೊಂದು ಸಲ ಇದಕ್ಕೇ ಇಡೀ ದಿನ ಹೋಗಿದ್ದುಂಟು.

ಇವತ್ತು ಏನಾಯಿತೆಂದರೆ, ಎಂಜಿನ್ ಚಾಲೂ ಮಾಡಿ ಸ್ಕ್ರೂಡ್ರೈವರ್ ಇಟ್ಟರೆ ಕೂಗೇ ಇಲ್ಲ. ಡೀಸೆಲ್ಲಿನ ದಡದಡ ಬಿಟ್ಟರೆ ಬಾಕ್ಸು ಧ್ಯಾನಕ್ಕೆ ಕೂತ ಹಾಗಿದೆ. ಇತ್ತ ಒಂದು ಏಟು ಕೊಟ್ಟೆ, ಇಲ್ಲ. ಅತ್ತ ಕೊಟ್ಟೆ, ಇಲ್ಲ. ಮೊದಲನೇ ಸಲಕ್ಕೇ ಅದರ ಜಾಗದಲ್ಲಿ ಅದು ಕೂತುಬಿಟ್ಟಿದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಪಿನ್ ಹೊಡೆದು ಬಿಗಿ ಮಾಡಿದೆ, ಅರ್ಧ ಗಂಟೆಯಲ್ಲಿ ಮುಗಿಯಿತು. ಕೆಲಸದ ದೇವರಿಗೆ ಇನ್ನೂ ನನ್ನ ನೆನಪಿದೆ. ಸುಮ್ಮನೆ ಕೂತು ಸ್ವಲ್ಪ ಹೊತ್ತು ಅತ್ತೆ. ಯಾರೂ ನೋಡಲಿಲ್ಲ.

೫ ಮಾರ್ಚ್

ಪ್ರೊಪೆಲ್ಲರ್ ಶಾಫ್ಟು ಕತ್ತರಿಸಿ ಬೆಸೆದದ್ದು, ನೆಲದ ತಗಡು ಕೊರೆದು ಗೇರ್ ಹಿಡಿ ಮೇಲೆ ತಂದದ್ದು, ಎಲ್ಲ ಮುಗಿದು ಇವತ್ತು ಪರೀಕ್ಷೆಗೆ ಹೊರಟೆವು. ನಾನೇ ಓಡಿಸಿದೆ, ಲಕ್ಕಯ್ಯ ಪಕ್ಕದಲ್ಲಿ ಕೂತ. ಹುಳಿಯಾರಿನ ಹಾದಿಯಲ್ಲಿ ಕೆಂಕೆರೆಯವರೆಗೆ ಹೋಗಿ ಬಂದೆವು. ಐದನೇ ಗೇರು ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಬಿತ್ತು. ಎಂಜಿನ್ನಿನ ಭಾರವೇ ಇಳಿದುಹೋಯಿತು.

ರಸ್ತೆಯಲ್ಲಿ ಎಲ್ಲರೂ ತಿರುಗಿ ತಿರುಗಿ ನೋಡಿದರು. ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಸೆರಗು ಕಿವಿಗೆ ಹಿಡಿದುಕೊಂಡು ನಗುತ್ತಿದ್ದರು. ಕೆಂಕೆರೆಯಲ್ಲಿ ನಾಯಿಗಳು ಫರ್ಲಾಂಗು ದೂರ ಬೆನ್ನಟ್ಟಿ ಬಂದವು. ಹಳೇ ಪಿಕಪ್ಪು ಆ ವೇಗದಲ್ಲಿ ಹೋಗುವುದನ್ನು ಯಾರು ನೋಡಿದ್ದರು.

ಲಕ್ಕಯ್ಯ ಮಾತ್ರ ಎಂದಿನ ಹಾಗೆ ತಮಾಷೆ ಮಾಡಲಿಲ್ಲ. ಕಾಲ ಬುಡದ ತಗಡನ್ನೇ ನೋಡುತ್ತಾ, ನಡುನಡುವೆ ನನ್ನ ಮುಖ ನೋಡುತ್ತಾ ಕೂತಿದ್ದ. ಇಳಿದ ಮೇಲೆ ಹತ್ತಿರ ಬಂದ.

"ಸರಿಗದಾ ಅಣ್ಣ?"

"ಇಷ್ಟು ಚೆನ್ನಾಗಿ ನನ್ನ ಜನ್ಮದಲ್ಲಿ ಕೂತಿಲ್ಲ ಕಣೋ," ಅಂದೆ.

"ನೀನಂದ್ರೆ ಸರಿ ಬುಡು," ಅಂದ. ಗಾಡಿ ತೆಗೆದುಕೊಂಡು ಹೋದ.

೧೬ ಮಾರ್ಚ್

ಪಕ್ಕದ ಹಿಟ್ಟಿನ ಗಿರಣಿ ಓಡುತ್ತಿದ್ದಾಗ ಲಕ್ಕಯ್ಯ ಬಂದ. ಗಾಡಿಯನ್ನು ರಸ್ತೆಯಲ್ಲಿ ಚಾಲೂ ಇಟ್ಟೇ ಇಳಿದು ಬಂದಿದ್ದ. ಹೊಸ ಬಾಕ್ಸಿನಲ್ಲಿ ಬೆಂಗಳೂರಿಗೆ ಮೂರು ಟ್ರಿಪ್ಪು ಆಗಿದೆ ಅಂತ ಬೆರಳು ತೋರಿಸಿದ. ಆಮೇಲೆ ಬಹಳ ಹೊತ್ತು ಏನೋ ಹೇಳಿದ. ಕೈಯನ್ನು ಎರಡು ಮೂರು ಸಲ ಗಾಡಿಯ ಕಡೆ ತೋರಿಸಿದ. ಕೊನೆಯಲ್ಲಿ ಏನೋ ಕೇಳಿದ. ಹೂಂ ಅಂದೆ. ಅವನು ಇನ್ನೊಂದು ಸಲ ಕೇಳಿದ. ಹೂಂ ಕಣೋ, ಹೋಗು ಅಂತ ಬೆನ್ನು ತಟ್ಟಿ ಕಳಿಸಿದೆ.

ಮಾತು ಗದ್ದಲದಲ್ಲಿ ಮುಳುಗಿದಾಗ ಏನಂದೆ ಅಂತ ಕೇಳಿದರೆ ಜನ ಎರಡನೇ ಸಲ ಬೇರೆ ದನಿಯಲ್ಲಿ ಹೇಳುತ್ತಾರೆ, ಮುದುಕರಿಗೆ ಹೇಳುವ ಹಾಗೆ. ಕಿವಿ ಏಕಾಂತಯ್ಯನಿಗೆ ಆ ದನಿಯಲ್ಲಿ ಯಾರೂ ಮಾತಾಡಕೂಡದು. ಹೂಂ ಅಂದರೆ ಸಾಕು, ಲೋಕ ಅದರ ಪಾಡಿಗೆ ನಡೆದುಕೊಂಡು ಹೋಗುತ್ತದೆ.

೨೯ ಮಾರ್ಚ್

ಯುಗಾದಿ ಕಳೆಯಿತು. ಬೇವೇ ಜಾಸ್ತಿ. ಐದು ಗೇರಿನ ಸುದ್ದಿ ಮೂರು ತಾಲ್ಲೂಕಿಗೆ ಮುಟ್ಟುತ್ತದೆ ಅಂದುಕೊಂಡಿದ್ದೆ. ಮುಟ್ಟಿದ್ದರೂ ಯಾರೂ ಬರಲಿಲ್ಲ. ಹಂದನಕೆರೆಯ ಒಬ್ಬ ಟ್ರ್ಯಾಕ್ಟರಿನವನು ಬಂದು ಶೆಡ್ಡಿನ ಮುಂದೆ ನಿಂತು, ಗೌರಿಯ ಹತ್ತಿರ ಏನೋ ಮಾತಾಡಿ, ಗಾಡಿ ತಿರುಗಿಸಿಕೊಂಡು ಹೋದ. ಅವಳು ಏನು ಹೇಳಿ ಕಳಿಸಿದಳೋ. ಕೇಳಿದ್ದಕ್ಕೆ ತಲೆ ತಗ್ಗಿಸಿದಳು.

ಸಂತೆಗೆ ಹೋಗುವಾಗ ಇವಳು ಈಗೀಗ ರಸ್ತೆಯ ಕಡೆಯ ಪಕ್ಕಕ್ಕೇ ಬರುತ್ತಾಳೆ. ಲಾರಿ ಬಂದರೆ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆಯುತ್ತಾಳೆ. ಈ ವಯಸ್ಸಿನಲ್ಲಿ ನಡುರಸ್ತೆಯಲ್ಲಿ ಗಂಡನ ಕೈ ಹಿಡಿಯುವುದು ಅಂದರೆ ನೋಡಿದವರು ಏನಂದಾರು.

ಬೆಳಿಗ್ಗೆ ಏಳುವುದಕ್ಕೆ ಕಾರಣ ಹುಡುಕಬೇಕಾಗಿದೆ. ಎದ್ದು ಶೆಡ್ಡಿನ ಬಾಗಿಲು ತೆಗೆಯುತ್ತೇನೆ, ಸಂಜೆ ಮುಚ್ಚುತ್ತೇನೆ. ನಡುವೆ ಜೀರುಂಡೆ.

೭ ಏಪ್ರಿಲ್

ಕಂದಿಕೆರೆಯ ಏರಿಯ ಮೇಲಿಂದ ಪಿಕಪ್ಪು ಉರುಳಿದೆ. ಲಕ್ಕಯ್ಯ ಅದರಲ್ಲಿದ್ದ.

೮ ಏಪ್ರಿಲ್

ನಿನ್ನೆ ಅಷ್ಟಕ್ಕಿಂತ ಹೆಚ್ಚು ಬರೆಯಲಾಗಲಿಲ್ಲ.

ಎರಡು ಸಾವಿರ ಕಾಯಿ ಹಾಕಿಕೊಂಡು ಏರಿಯ ಇಳಿಜಾರು ಇಳಿಯುತ್ತಿದ್ದಾಗ ಹಿಂದಿನ ಚಕ್ರ ಎರಡೂ ಒಟ್ಟಿಗೆ ಹಿಡಿದುಕೊಂಡಿವೆ. ಗಾಡಿ ಅಡ್ಡ ತಿರುಗಿ ಕೆರೆಯ ಅಂಗಳಕ್ಕೆ ಬಿದ್ದಿದೆ. ನಾನು ಹೋಗುವ ಹೊತ್ತಿಗೆ ಲಕ್ಕಯ್ಯನನ್ನು ತುಮಕೂರಿಗೆ ಸಾಗಿಸಿದ್ದರು. ಎಡಗಾಲು ಕ್ಲಚ್ ಪೆಡಲಿನ ಹತ್ತಿರ ಸಿಕ್ಕಿಕೊಂಡಿತ್ತಂತೆ, ಹಾರೆ ಹಾಕಿ ತಗಡು ಮೀಟಿ ತೆಗೆದರಂತೆ. ಕೆರೆಯ ಅಂಗಳದ ತುಂಬಾ ಕಾಯಿ ಚೆಲ್ಲಿದ್ದವು. ಒಂದು ಚಪ್ಪಲಿ ಇತ್ತು.

ನಂಜುಂಡಪ್ಪ ನನ್ನ ಅಂಗಿಯ ಎದೆ ಹಿಡಿದು ಮುಖದ ಹತ್ತಿರಕ್ಕೆ ಎಳೆದುಕೊಂಡ. ಅಷ್ಟು ಹತ್ತಿರದಿಂದ ಅವನು ಅಂದದ್ದು ಪೂರ್ತಿ ಕೇಳಿಸಿತು.

"ತಿಂಗಳಿಂದ ಕೂಗ್ತಿತ್ತಲ್ಲಯ್ಯ ಅದು. ಇತ್ತ ಏರಿ ಹತ್ತುದ್ರೆ ಊರೊಳಕ್ಕೆ ಕೇಳ್ತಿತ್ತು. ಲಕ್ಕಯ್ಯ ನಿನ್ ಹತ್ರ ಬಂದು, ಕೂಗು ಜಾಸ್ತಿ ಆಗದೆ, ಹಂಗೇ ಓಡುಸ್ಲಾ ಅಂತ ಎರಡು ಸಲ ಕೇಳುದ್ನಂತೆ. ನೀನು ಹೂಂ ಅಂದ್ಯಂತೆ. ಏಕಾಂತಯ್ಯನೇ ಹೂಂ ಅಂದಮ್ಯಾಕೆ ಗೇರಿನ ಹಲ್ಲು ಸವೆದು ಹೊಂದ್ಕತಾವೆ ಅನ್ಕಂಡು ನಾವೂ ಸುಮ್ಕಾದೊ."

 

೧೦ ಏಪ್ರಿಲ್

ಲಕ್ಕಯ್ಯನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ.

ಬಾಕ್ಸನ್ನು ಶೆಡ್ಡಿಗೆ ತರಿಸಿ ಬಿಚ್ಚಿದೆ. ಎಣ್ಣೆಯಲ್ಲಿ ಹಿತ್ತಾಳೆಯ ಪುಡಿ. ಮುಂದಿನ ಬೇರಿಂಗಿನ ಗುಂಡುಗಳು ಒಂದೂ ದುಂಡಗಿಲ್ಲ. ಬೇರಿಂಗು ಒಡೆದು ಬಾಕ್ಸು ಹಿಡಿದುಕೊಂಡದ್ದಕ್ಕೇ ಹಿಂದಿನ ಚಕ್ರ ನಿಂತದ್ದು. ಹೊರಗಿನ ಬಳೆ ಒಂದು ಪಕ್ಕ ಕನ್ನಡಿಯ ಹಾಗೆ ಇದೆ, ಇನ್ನೊಂದು ಪಕ್ಕ ಸವೆದು ಹಳ್ಳ ಬಿದ್ದಿದೆ. ಬಿಲ್ಲೆ ಓರೆ ಕೂತಿತ್ತು. ಇಷ್ಟು ಸವೆಯಬೇಕಾದರೆ ಮೊದಲ ದಿನದಿಂದಲೇ ಕೂಗಿರಬೇಕು. ಕೆಂಕೆರೆಗೆ ಹೋದ ದಿನವೂ ಕೂಗಿದೆ. ನಾನು ಸ್ಕ್ರೂಡ್ರೈವರ್ ಕಿವಿಗಿಟ್ಟು ದೇವರನ್ನು ನೆನೆದು ಅತ್ತ ದಿನವೂ ಅದು ಕೂಗುತ್ತಲೇ ಇತ್ತು.

ಸೆರಗಿನಲ್ಲಿ ಕಿವಿ ಮುಚ್ಚಿಕೊಂಡ ಹೆಂಗಸರು, ಬೆನ್ನಟ್ಟಿದ ನಾಯಿಗಳು.

ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಸುತ್ತಿಗೆಯಿಂದ ಹೊಡೆದೆ. ದಪ್ ಅಂದಿತು. ಗಣ್ ಅನ್ನಲಿಲ್ಲ. ಇನ್ನೊಂದು ಸಲ ಹೊಡೆದೆ. ಅಡಿಗಲ್ಲು ಗಣ್ ಅನ್ನುವುದನ್ನು ಯಾವಾಗ ನಿಲ್ಲಿಸಿತು ಅಂತ ಯೋಚಿಸಿದೆ, ನೆನಪಾಗಲಿಲ್ಲ. ಹಳೇ ಕೆಟ್ಟ ಬೇರಿಂಗೊಂದನ್ನು ಎರಡೂ ಕಿವಿಯ ಹತ್ತಿರ ತಿರುಗಿಸಿದೆ. ಬೆರಳಿಗೆ ಗೊರಗೊರ ತಾಗುತ್ತಿತ್ತು, ಕಿವಿಯಲ್ಲಿ ಜೀರುಂಡೆ ಬಿಟ್ಟರೆ ಏನೂ ಇಲ್ಲ.

ಗೌರಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ದಿನದಿಂದ ಹೀಗೆ ಅಂತ ಕೇಳಿದೆ. ಎರಡು ಬೆರಳು ತೋರಿಸಿದಳು. ಎರಡು ವರ್ಷ. ನನಗೆ ಯಾಕೆ ಹೇಳಲಿಲ್ಲ ಅಂದೆ. ಅವಳು ಹತ್ತಿರ ಬಂದು ನನ್ನ ಕಿವಿಗೆ ಬಾಯಿ ತಾಗಿಸಿ, ದನಿ ಎತ್ತಿ ಅಂದಳು.

"ಹೇಳ್ತಾನೇ ಇದ್ದೆ ಕಣ್ರೀ."

೧೪ ಏಪ್ರಿಲ್

ಗೌರಿಯೇ ಎಲ್ಲ ಹೇಳಿದಳು, ಕಿವಿಯ ಹತ್ತಿರ, ನಿಧಾನವಾಗಿ. ಹೋದ ವರ್ಷ ನಾನು ತಪ್ಪು ಹೇಳಿ ಕಳಿಸಿದ ಮೂವರು ಗಿರಾಕಿಗಳು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಹಂದನಕೆರೆಯವನಿಗೆ, ಇವರಿಗೆ ಮೈ ಹುಷಾರಿಲ್ಲ, ಬೇರೆ ಕಡೆ ತೋರಿಸಿ ಅಂತ ತಾನೇ ಹೇಳಿ ಕಳಿಸಿದಳಂತೆ. ಕಂದಿಕೆರೆಯವರಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಮುಟ್ಟಿದ್ದರೂ ಲಕ್ಕಯ್ಯ ನಂಬುತ್ತಿರಲಿಲ್ಲ. ಕೂಗು ಅವನ ಕಿವಿಗೇ ಬೀಳುತ್ತಿತ್ತು, ಆದರೂ ತನ್ನ ಕಿವಿ ಬಿಟ್ಟು ನನ್ನ ಕಿವಿ ನಂಬಿದ.

ಮಧ್ಯಾಹ್ನ ಅವಳ ಜೊತೆ ಅಟ್ಟ ಹತ್ತಿದೆ. ಒಂದು ಕಾಯಿಯನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಕೈ ಹಿಡಿದು ಅವಳೇ ಅಲ್ಲಾಡಿಸಿದಳು. ಸದ್ದಿಲ್ಲ. ಆದರೆ ಒಳಗಿನಿಂದ ಕೊಬ್ಬರಿ ಅಂಗೈಗೆ ಬಡಿಯಿತು. ಇನ್ನೊಂದು ತೆಗೆದುಕೊಂಡೆ, ಅದೂ ಬಡಿಯಿತು. ಅಟ್ಟದ ಕಾಯಿಯೆಲ್ಲ ಸಂಕ್ರಾಂತಿಗೇ ಆಗಿದ್ದವು. ಹತ್ತು ಒಡೆದರೆ ಆರರಲ್ಲಿ ಎಣ್ಣೆ ಜಿನುಗಿ ಕಮಟು ವಾಸನೆ. ಗೌರಿ ಏನೂ ಅನ್ನಲಿಲ್ಲ. ಅಥವಾ ಅಂದಳೋ ಏನೋ.

೧೭ ಏಪ್ರಿಲ್

ಶೆಡ್ಡಿಗೆ ಬೀಗ ಹಾಕಿದೆ. ಲೇತಿನ ವೆಂಕಟಯ್ಯನಿಗೆ ಸ್ಪ್ಯಾನರುಗಳನ್ನು ಕೊಟ್ಟೆ. ಸ್ಕ್ರೂಡ್ರೈವರು ಮನೆಯಲ್ಲಿದೆ.

೨೩ ಏಪ್ರಿಲ್

ಎರಡು ವಾರದಿಂದ ಧೈರ್ಯ ಬರಲಿಲ್ಲ. ಇವತ್ತು ತುಮಕೂರಿಗೆ ಹೋದೆ.

ಉದ್ದನೆಯ ವಾರ್ಡು. ಜನ, ಪಾತ್ರೆ, ಮೇಲೆ ಫ್ಯಾನು. ಲಕ್ಕಯ್ಯನ ಹೆಂಡತಿ ಭೈರಮ್ಮ ನನ್ನನ್ನು ಕಂಡವಳೇ ಎದ್ದು ನಿಂತಳು. ಅವಳ ಬಾಯಿ ಅಲ್ಲಾಡುತ್ತಲೇ ಇತ್ತು, ಕಣ್ಣಿನಿಂದ ನೀರು ಸುರಿಯುತ್ತಿತ್ತು. ಒಂದು ಮಾತೂ ನನಗೆ ಕೇಳಿಸಲಿಲ್ಲ. ಎಲ್ಲ ಅರ್ಥವಾಯಿತು. ಆಮೇಲೆ ಅವಳು ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು.

ಲಕ್ಕಯ್ಯ ದಿಂಬಿಗೆ ಒರಗಿದ್ದ. ಬಿಳಿ ಹೊದಿಕೆಯ ಕೆಳಗೆ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಅರ್ಧಕ್ಕೇ ಸಪಾಟು. ಎಮ್ಮೆ, ಕುದುರೆ, ಹುರುಳಿ ಅಂದ ಬಾಯಿ ಒಣಗಿತ್ತು. ಕ್ಲಚ್ಚು ತುಳಿಯುವ ಕಾಲು ಹೋದ ಮೇಲೆ ಅವನು ಇನ್ನು ಯಾವ ಗಾಡಿ ಓಡಿಸುತ್ತಾನೆ. ಮಂಚದ ಪಕ್ಕ ಕೂತೆ. ತಂದಿದ್ದ ಎಳನೀರನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದೆ.

ಅವನು ನನ್ನ ಕಡೆ ತಿರುಗಿ ಏನೋ ಅಂದ. ತುಟಿ ಅಲ್ಲಾಡಿದ್ದು ಕಂಡಿತು. ಕತ್ತು ತನ್ನಷ್ಟಕ್ಕೆ ತಾನೇ ಆಡುವುದಕ್ಕೆ ಹೊರಟಿತು, ಹೂಂ ನಾಲಿಗೆಯ ತುದಿಗೆ ಬಂದಿತ್ತು. ನಿಲ್ಲಿಸಿದೆ.

"ಕೇಳುಸ್ನಿಲ್ಲ ಕಣಪ್ಪ," ಅಂದೆ. "ಇನ್ನೊಂದ್ಸಲ ಹೇಳು."

ಅವನು ನನ್ನ ಕತ್ತಿನ ಹಿಂದೆ ಕೈ ಹಾಕಿ ಕಿವಿಯನ್ನು ತನ್ನ ಬಾಯಿಯ ಹತ್ತಿರಕ್ಕೆ ಎಳೆದುಕೊಂಡು, ಪಕ್ಕದ ಮಂಚದವರು ತಿರುಗಿ ನೋಡುವಷ್ಟು ಜೋರಾಗಿ ಅಂದ.

"ಈ ಮಾತ ಆವತ್ತು ಅಂದಿದ್ರೆ ಆಗ್ತಿತ್ತಲ್ಲಣ್ಣ."

ಅದು ಕೇಳಿಸಿತು.